ಫೇಲ್ ಆದ ಗೆಳತಿ ರೈಲು ಬಿಟ್ಟು ಬಸ್ಸು ಹಿಡಿದಳು

ಪ್ರಶ್ನೆ: ಮೇಡಂ, ನಾನು ಕುಂಬಳೆ ಕಡೆಯವಳು. ಮಂಗಳೂರಿನಲ್ಲಿ ಬಿ.ಎಸ್‌ಸಿ. ನರ್ಸಿಂಗ್ ಓದುತ್ತಿದ್ದೇನೆ. ಈಗ ಐದನೇ ಸೆಮಿಸ್ಟರ್. ನಾವು ಐದು ಮಂದಿ ದಿನಾ ಒಂದೇ ರೈಲಿನಲ್ಲಿ ಹೋಗುವವರು. ನಾಲ್ಕನೇ ಸೆಮಿಸ್ಟರಿನ ರಿಸಲ್ಟ್ ಬಂದಾಗ ನಮ್ಮಲ್ಲೊಬ್ಬಳು ಫಾರ್ಮಕಾಲಜಿಯಲ್ಲಿ (ಔಷಧಶಾಸ್ತ್ರ) ಫೇಲ್ ಆದಳು. ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ "ಅವಳ ಕೈಗೆ ಸಿರಿಂಜ್ ಕೊಟ್ಟರೆ ಪೇಷಂಟ್ ಗೋವಿಂದ" ಅಂತ ಹಾಕಿದರು. ಅವಳೂ ಆ ಗ್ರೂಪಿನಲ್ಲಿದ್ದಾಳೆ ಅನ್ನುವುದು ಯಾರಿಗೂ ಹೊಳೆಯಲಿಲ್ಲ. ನಾನೂ ಒಂದು ನಗುವ ಇಮೋಜಿ ಹಾಕಿದೆ. ಮರುದಿನದಿಂದ ಅವಳು ರೈಲಿಗೆ ಬರುತ್ತಿಲ್ಲ, ತಲಪಾಡಿ ದಾರಿಯ ಬಸ್ಸಿನಲ್ಲಿ ಹೋಗುತ್ತಾಳೆ. ನನಗೆ ಬೇಸರವಾಗಿದೆ. ಆದರೆ ಸತ್ಯ ಹೇಳಬೇಕೆಂದರೆ, ನಾನು ರಾತ್ರಿ ಒಂದು ಗಂಟೆವರೆಗೆ ಕೂತು ಓದಿ ಪಾಸಾದವಳು. ಓದದವರು ಫೇಲ್ ಆದರೆ ಅದರಲ್ಲಿ ಅನ್ಯಾಯ ಏನು ಅಂತಲೂ ಅನಿಸುತ್ತದೆ. ರೋಗಿಯ ಜೀವದ ವಿಷಯ ಅಲ್ವಾ? ಹಾಗೆ ಯೋಚಿಸುವುದು ತಪ್ಪಾ? ಅವಳ ಹತ್ತಿರ ಹೇಗೆ ಮಾತಾಡುವುದು?

ಉತ್ತರ:

ಇಮೋಜಿ ಹಾಕಿದ್ದನ್ನು ನೀವೇ ಹೇಳಿದಿರಿ. ಮುಚ್ಚಿಟ್ಟು ಬರೆಯಬಹುದಿತ್ತು, ಮುಚ್ಚಿಡಲಿಲ್ಲ. ಅದಕ್ಕೇ ಈ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಮೊದಲು ನಿಮ್ಮ ಎರಡನೇ ಮಾತಿಗೆ ಬರುತ್ತೇನೆ. ರೋಗಿಯ ಜೀವದ ವಿಷಯ ಹೌದು. ಅದರಲ್ಲಿ ನನಗೆ ಎರಡು ಮಾತಿಲ್ಲ. ಇಪ್ಪತ್ತಕ್ಕೂ ಜಾಸ್ತಿ ವರ್ಷ ನಾನು ನರ್ಸಿಂಗ್ ಪಾಠ ಮಾಡಿದ್ದೇನೆ, ಪ್ರಾಕ್ಟಿಕಲ್ ಪರೀಕ್ಷೆಗೆ ಎಕ್ಸಾಮಿನರ್ ಆಗಿ ಹೋಗಿದ್ದೇನೆ. ಫೇಲ್ ಮಾಡಿದ್ದೇನೆ. ಕೈ ತೊಳೆಯದೆ ಡ್ರೆಸ್ಸಿಂಗ್ ಟ್ರೇ ಮುಟ್ಟಿದವರನ್ನು, ರೋಗಿಯ ಹೆಸರು ಕೇಳದೆ ಇಂಜೆಕ್ಷನ್ ಕೊಡಲು ಹೊರಟವರನ್ನು ಪಾಸ್ ಮಾಡಿ ಕಳಿಸಲು ನನ್ನಿಂದ ಆಗಲಿಲ್ಲ. ಅವರ ಮನೆಯ ಕಷ್ಟ ಗೊತ್ತಿದ್ದೂ ಮಾಡಲಿಲ್ಲ. ಥಿಯರಿಯಲ್ಲಿ 50 ಪರ್ಸೆಂಟ್, ಪ್ರಾಕ್ಟಿಕಲ್‌ನಲ್ಲಿ ಬೇರೆಯೇ 50 ಪರ್ಸೆಂಟ್ ಬರಬೇಕು ಅನ್ನುವ ನಿಯಮ ಸುಮ್ನೆ ಇಟ್ಟದ್ದಲ್ಲ. ಒಂದರಲ್ಲಿ ಜಾಸ್ತಿ ಬಂದರೆ ಇನ್ನೊಂದರ ಕೊರತೆ ತುಂಬುವುದಿಲ್ಲ. ಔಷಧದ ಲೆಕ್ಕ ಬಾಯಲ್ಲಿ ಚೆನ್ನಾಗಿ ಹೇಳಿದರೆ ಸಾಲದು, ಸಿರಿಂಜಿನಲ್ಲೂ ಸರಿಯಾಗಿ ಎಳೆಯಬೇಕು.

ಹಾಗಾಗಿ ಪರೀಕ್ಷೆ ಒಂದು ಬಾಗಿಲು. ಆ ಬಾಗಿಲು ಬೇಕು. ನಿಮ್ಮ ಗೆಳತಿ ಆ ಬಾಗಿಲಲ್ಲಿ ಒಂದು ಸಲ ನಿಂತಿದ್ದಾಳೆ. ಅಷ್ಟೇ ನಮಗೆ ಗೊತ್ತಿರುವುದು. ಅವಳ ಕೈಗೆ ಸಿರಿಂಜ್ ಕೊಟ್ಟರೆ ಏನಾಗುತ್ತದೆ ಅನ್ನುವುದು ಆ ಮಾರ್ಕ್ಸ್ ಕಾರ್ಡಿನಲ್ಲಿ ಬರೆದಿಲ್ಲ. ಅದನ್ನು ಬರೆದದ್ದು ನಿಮ್ಮ ಗ್ರೂಪಿನವರು.

ನಮ್ಮ ಕಡೆಯ ಮಕ್ಕಳ ವಿಷಯದಲ್ಲಿ ಆ ಮಾರ್ಕಿನ ಒಳಗೆ ಏನೇನು ಸೇರಿಕೊಂಡಿರುತ್ತದೆ ಅಂತ ನೋಡಬೇಕು. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಇಲ್ಲಿಂದ ಬರುವ ಎಷ್ಟೋ ಹುಡುಗಿಯರು ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. ಮನೆಯಲ್ಲಿ ತುಳುವೋ ಹವ್ಯಕವೋ ಮರಾಟಿಯೋ ಬ್ಯಾರಿಯೋ. ಪೇಟೆಯಲ್ಲಿ ಮಲಯಾಳ. ಪ್ಲಸ್ ಟುಗೆ ಬಂದಾಗ ಒಮ್ಮೆಲೆ ಸೈನ್ಸ್ ಪೂರ್ತಿ ಇಂಗ್ಲಿಷ್. ಅದರ ಎರಡು ವರ್ಷದಲ್ಲೇ ನರ್ಸಿಂಗ್, ಫಾರ್ಮಕಾಲಜಿ. ಒಂದು ಮಾತ್ರೆಗೆ ಒಂದು ಕೆಮಿಕಲ್ ಹೆಸರು, ಅಂಗಡಿಯಲ್ಲಿ ನಾಲ್ಕು ಬ್ರಾಂಡ್ ಹೆಸರು, ಅದು ಯಾವ ಗುಂಪಿಗೆ ಸೇರಿದ್ದು, ಹೇಗೆ ಕೆಲಸ ಮಾಡುತ್ತದೆ, ಏನು ತೊಂದರೆ ಮಾಡಬಹುದು, ಕೊಡುವ ಮೊದಲು ನರ್ಸ್ ಏನು ನೋಡಬೇಕು. ಹೀಗೆ ನೂರಾರು. ಅಷ್ಟನ್ನೂ ಇಂಗ್ಲಿಷಿನಲ್ಲಿ ಓದಿ ಇಂಗ್ಲಿಷಿನಲ್ಲೇ ಬರೆಯಬೇಕು.

ಒಂದು ವೈವಾ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಹುಡುಗಿ ಅಡೂರು ಕಡೆಯವಳು. ಜೊತೆಯ ಎಕ್ಸಾಮಿನರ್ ಇಂಗ್ಲಿಷಿನಲ್ಲಿ ಫ್ರೂಸೆಮೈಡ್ ಬಗ್ಗೆ ಕೇಳಿದರು. ಮೌನ. ಇನ್ನೊಮ್ಮೆ ಕೇಳಿದರು. ಅವಳು ತನ್ನ ಏಪ್ರನ್ನಿನ ಅಂಚನ್ನು ಬೆರಳಲ್ಲಿ ಮಡಿಸುತ್ತಾ ನಿಂತಳು, ಬಿಚ್ಚಿದಳು, ಮತ್ತೆ ಮಡಿಸಿದಳು. ನಾನು ಕನ್ನಡದಲ್ಲಿ ಕೇಳಿದೆ, "ಈ ಮಾತ್ರೆ ಕೊಟ್ಟ ಮೇಲೆ ಮೈಯಿಂದ ಎಂತೆಲ್ಲ ಹೋಗ್ತದೆ?" ತಲೆ ಎತ್ತಿದಳು. "ನೀರು ಹೋಗ್ತದೆ ಮೇಡಂ, ನೀರಿನೊಟ್ಟಿಗೆ ಪೊಟ್ಯಾಶಿಯಮ್ಮೂ ಹೋಗ್ತದೆ. ಪೇಷಂಟ್ ಹಾರ್ಟಿಗೆ ಡಿಗಾಕ್ಸಿನ್ ತಗೊಳ್ತಾ ಇದ್ರೆ ಜಾಗ್ರತೆ ಬೇಕು, ಪೊಟ್ಯಾಶಿಯಂ ಕಮ್ಮಿ ಆದ್ರೆ ಡಿಗಾಕ್ಸಿನ್ ವಿಷದ ಹಾಗೆ ಆಗ್ತದೆ. ಕೊಡುವ ಮೊದಲು ಒಂದು ನಿಮಿಷ ಪೂರ್ತಿ ಎದೆಬಡಿತ ಎಣಿಸ್ಬೇಕು, ಅರವತ್ತಕ್ಕಿಂತ ಕಮ್ಮಿ ಇದ್ರೆ ಕೊಡ್ಬಾರ್ದು, ಡಾಕ್ಟ್ರಿಗೆ ಹೇಳ್ಬೇಕು." ಒಂದೇ ಉಸಿರಿಗೆ ಹೇಳಿದಳು. ಅದೇ ಹುಡುಗಿ ಥಿಯರಿಯಲ್ಲಿ ಫೇಲ್ ಆದಳು.

ಇದನ್ನು ಹೇಳಿದೆ ಅಂತ ಅವಳಿಗೆ ರಿಯಾಯಿತಿ ಕೊಡಬೇಕು ಅನ್ನುತ್ತಿಲ್ಲ. ರೋಗಿಯ ಚಾರ್ಟು ಇಂಗ್ಲಿಷಿನಲ್ಲೇ ಇರುತ್ತದೆ, ಔಷಧದ ಚೀಟಿಯೂ ಇಂಗ್ಲಿಷಿನಲ್ಲೇ. ಅವಳು ಕಲಿಯಲೇಬೇಕು, ಮತ್ತೆ ಬರೆದು ಪಾಸಾಗಲೇಬೇಕು. ಆದರೆ ಅವಳಿಗೆ ಕೊರತೆ ಇದ್ದದ್ದು ಎಲ್ಲಿ? ತಿಳಿವಳಿಕೆಯಲ್ಲೋ ಭಾಷೆಯಲ್ಲೋ ಓದಿನ ಕ್ರಮದಲ್ಲೋ? ಅದು ಗೊತ್ತಾಗದೆ ಅವಳ ಮೇಲೆ ಒಂದು ಹೆಸರು ಅಂಟಿಸಿದರೆ ಅವಳಿಗೂ ಉಪಯೋಗವಿಲ್ಲ, ರೋಗಿಗೂ ಇಲ್ಲ.

"ಅವಳು ಫೇಲ್ ಆದರೇನು, ಮನಸ್ಸು ಒಳ್ಳೆಯದು" ಅನ್ನುವ ಸಮಾಧಾನವೂ ನನಗೆ ಹಿಡಿಸುವುದಿಲ್ಲ. ಹೇಳುವವರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಕೇಳುವವಳಿಗೆ ಅದು 'ನಿನಗೆ ತಲೆ ಇಲ್ಲ' ಅಂದ ಹಾಗೆ ಕೇಳಿಸುತ್ತದೆ. ಒಳ್ಳೆಯ ಮನಸ್ಸಿನಿಂದ ಡೋಸು ಸರಿಯಾಗುವುದಿಲ್ಲ. ಡೋಸಿಗೆ ಲೆಕ್ಕ ಬೇಕು.

ಈಗ ನನ್ನ ಮುಖ್ಯ ಮಾತು. ಪಾಠಕ್ಕೆ ಬರುವ ಮೊದಲು ಕೆಲವು ವರ್ಷ ನಾನು ವಾರ್ಡಿನಲ್ಲಿದ್ದೆ. ಯಾವ ಆಸ್ಪತ್ರೆ ಅನ್ನುವುದು ಬೇಡ. ನನ್ನ ಕೆಳಗೆ ಒಬ್ಬಳು ಹೊಸ ಸ್ಟಾಫ್ ನರ್ಸ್ ಇದ್ದಳು. ಬಹಳ ಚುರುಕು. ಕಾಲೇಜಿನಲ್ಲಿ ಒಂದೇ ಒಂದು ಪೇಪರ್ ಹಿಂದೆ ಉಳಿಸಿಕೊಂಡವಳಲ್ಲ. ಒಂದು ಸಂಜೆ ಊಟಕ್ಕೆ ಮೊದಲು ಉಪ್ಪಳ ಕಡೆಯ ಒಬ್ಬರು ಅಜ್ಜಿಗೆ ಇನ್ಸುಲಿನ್ ಕೊಡಬೇಕಿತ್ತು. ಹತ್ತು ಯೂನಿಟ್.

ಇನ್ಸುಲಿನ್ ಬಾಟಲಿ ನಮ್ಮಲ್ಲಿ ಎರಡು ಬಗೆಯದು ಸಿಗುತ್ತದೆ ಅಂತ ನಿಮಗೆ ಗೊತ್ತು. ಒಂದು ಎಂ.ಎಲ್.ಗೆ 40 ಯೂನಿಟ್ ಇರುವುದು, 100 ಯೂನಿಟ್ ಇರುವುದು. ಸಿರಿಂಜೂ ಎರಡು. 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಮುಚ್ಚಳ. ಆ ದಿನ ಅವಳು 100ರ ಬಾಟಲಿಯಿಂದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಹತ್ತರ ಗೆರೆವರೆಗೆ ಎಳೆದಳು. ಆ ಸಿರಿಂಜಿನಲ್ಲಿ ಹತ್ತರ ಗೆರೆ ಅಂದರೆ ಕಾಲು ಎಂ.ಎಲ್. 100ರ ಬಾಟಲಿಯಿಂದ ಕಾಲು ಎಂ.ಎಲ್. ಅಂದರೆ 25 ಯೂನಿಟ್. ಹತ್ತು ಹೋಗಬೇಕಾದಲ್ಲಿ ಇಪ್ಪತ್ತೈದು ಹೋಯಿತು.

ಟ್ರೇ ತೊಳೆಯುವಾಗ ಬಾಟಲಿಯ ಪಕ್ಕ ಕೆಂಪು ಮುಚ್ಚಳ ಬಿದ್ದಿರುವುದು ಅವಳ ಕಣ್ಣಿಗೆ ಬಿತ್ತು. ಕೊಟ್ಟು ಹತ್ತು ನಿಮಿಷ ಆಗಿತ್ತಷ್ಟೆ. ಅವಳಿಗೆ ಆಗಲೇ ಗೊತ್ತಾಯಿತು. ನಾನು ಅದೇ ವಾರ್ಡಿನ ಆ ತುದಿಯಲ್ಲಿದ್ದೆ, ಕೂಗಿದರೆ ಕೇಳುವಷ್ಟು ದೂರ. ಅವಳು ನನ್ನ ಹತ್ತಿರ ಬರಲಿಲ್ಲ. ಶುಗರ್ ಇಳಿದುಬಿಟ್ಟೀತು ಅಂತ ತನ್ನ ಬ್ಯಾಗಿನಿಂದ ಒಂದು ಬಾಳೆಹಣ್ಣು ತಂದು ಅಜ್ಜಿಗೆ ತಿನ್ನಿಸಿದಳು. ಊಟ ಬೇಗ ತರಿಸಿದಳು. ಮತ್ತೆ ಮತ್ತೆ ಆ ಬೆಡ್ಡಿನ ಹತ್ತಿರ ಹೋಗಿ ಹಣೆ ಮುಟ್ಟಿ ನೋಡಿದಳು. ಹೀಗೆ ಮುಕ್ಕಾಲು ಗಂಟೆ. ಕೊನೆಗೆ ಅಜ್ಜಿಯ ಸೀರೆ ಬೆವರಿಗೆ ಒದ್ದೆಯಾಗಿ, ಮಾತು ತೊದಲಲು ಶುರುವಾದಾಗ ಓಡಿ ಬಂದಳು. ಶುಗರ್ ನೋಡಿದರೆ 46, ತೀರಾ ಕಮ್ಮಿ. ಡೆಕ್ಸ್ಟ್ರೋಸ್ (ಗ್ಲೂಕೋಸ್) ಕೊಟ್ಟೆವು, ಡಾಕ್ಟರ್ ಬಂದರು, ರಾತ್ರಿಯಿಡೀ ಗಂಟೆಗೊಮ್ಮೆ ಶುಗರ್ ನೋಡಿದೆವು. ಅಜ್ಜಿ ಉಳಿದರು. ಬೆಳಗ್ಗೆ ಚಹಾ ಕೇಳಿದರು.

ಡ್ಯೂಟಿ ಮುಗಿದ ಮೇಲೆ ಅವಳನ್ನು ಕೂರಿಸಿ ಕೇಳಿದೆ. ಮುಚ್ಚಳ ಕಂಡ ಕೂಡಲೇ ಯಾಕೆ ಹೇಳಲಿಲ್ಲ? ಅವಳು ಅತ್ತಳು. "ನಾನು ಯಾವತ್ತೂ ಫೇಲ್ ಆದವಳಲ್ಲ ಸಿಸ್ಟರ್" ಅಂದಳು. ಆಗ ನನಗೆ ಆ ಮಾತು ಅರ್ಥವಾಗಲಿಲ್ಲ. ಕೇಳಿದ್ದೊಂದು, ಹೇಳುತ್ತಿರುವುದೊಂದು ಅನಿಸಿತು. ಆಮೇಲೆ ಅವಳೇ ಹೇಳಿದಳು. ಅವರ ಬ್ಯಾಚಿನಲ್ಲಿ ಫೇಲ್ ಆದವರಿಗೆ 'ಡೇಂಜರ್ ಪಾರ್ಟಿ' ಅಂತ ಹೆಸರಿಟ್ಟಿದ್ದರಂತೆ. ಅವಳೂ ಹಾಗೇ ಕರೆದಿದ್ದಳಂತೆ. ಈಗ ತಾನೇ ತಪ್ಪು ಮಾಡಿದಾಗ ಅವಳ ಬಾಯಿ ಕಟ್ಟಿತು. ಹೇಳಿದರೆ ತಾನೂ ಆ ಗುಂಪಿಗೆ ಸೇರಿಬಿಡುತ್ತೇನೆ ಅನ್ನುವ ಹೆದರಿಕೆ.

ಆ ಮುಕ್ಕಾಲು ಗಂಟೆ ಕಾಲೇಜಿನಲ್ಲಿ ಹುಟ್ಟಿದ್ದು. ಡೋಸ್ ತಪ್ಪಿದ್ದು ಒಂದು ಕ್ಷಣದ ಗಮನ ತಪ್ಪಿದ್ದರಿಂದ. ಅದು ಯಾರಿಗೂ ಆಗಬಹುದು, ನನಗೂ ಆಗಬಹುದಿತ್ತು. ಆದರೆ ಮುಚ್ಚಿಟ್ಟದ್ದು ಕಲಿತ ಅಭ್ಯಾಸ. ಸೋತವರನ್ನು ಕಂಡು ನಕ್ಕು ನಕ್ಕು, ತಾನು ಸೋತಾಗ ಬಾಯಿ ಬಿಡಬಾರದು ಅಂತ ಅವಳು ಕಲಿತಿದ್ದಳು. ಅದಕ್ಕೇ ನಿಮ್ಮ ಇಮೋಜಿಯ ವಿಷಯವನ್ನು ಸಣ್ಣದು ಅಂತ ತಳ್ಳಿಹಾಕಲು ನನಗೆ ಆಗುತ್ತಿಲ್ಲ. ನೀವು ಕೆಟ್ಟವರು ಅಂತಲ್ಲ. ಆ ಗ್ರೂಪಿನಲ್ಲಿರುವ ಎಲ್ಲರಿಗೂ ಆ ದಿನ ಒಂದು ಪಾಠ ಆಯಿತು, ತಪ್ಪಿದರೆ ಏನಾಗುತ್ತದೆ ಅಂತ. ಆ ಪಾಠ ವಾರ್ಡಿಗೂ ಹೋಗುತ್ತದೆ.

ಇದು ನನ್ನೊಬ್ಬಳ ಅನುಭವ ಮಾತ್ರ ಅಲ್ಲ. ಅಮೆರಿಕದಲ್ಲಿ ಏಮಿ ಎಡ್ಮಂಡ್ಸನ್ ಅನ್ನುವ ಸಂಶೋಧಕಿ ಎರಡು ಆಸ್ಪತ್ರೆಗಳ ಎಂಟು ವಾರ್ಡುಗಳಲ್ಲಿ ಔಷಧದ ತಪ್ಪುಗಳನ್ನು ನೋಡಿದರು. 1996ರಲ್ಲಿ ಅದನ್ನು ಪ್ರಕಟಿಸಿದರು. ಒಳ್ಳೆಯ ಒಗ್ಗಟ್ಟು, ಒಳ್ಳೆಯ ಮೇಲ್ವಿಚಾರಕಿ ಇರುವ ವಾರ್ಡಿನಲ್ಲಿ ತಪ್ಪು ಕಮ್ಮಿ ಇರಬಹುದು ಅಂತ ಅವರ ಅಂದಾಜಾಗಿತ್ತು. ಲೆಕ್ಕ ಸಿಕ್ಕಿದ್ದು ಉಲ್ಟಾ. ಒಳ್ಳೆಯ ವಾರ್ಡುಗಳಲ್ಲೇ ತಪ್ಪುಗಳ ಲೆಕ್ಕ ಜಾಸ್ತಿ. ಹುಡುಕಿ ನೋಡಿದಾಗ ಗೊತ್ತಾದದ್ದು, ಅಲ್ಲಿ ನರ್ಸುಗಳು ತಪ್ಪನ್ನು ಹೆದರದೆ ಹೇಳುತ್ತಿದ್ದರು. ಬೈಗುಳ ಇದ್ದ ವಾರ್ಡುಗಳಲ್ಲಿ ತಪ್ಪು ನಡೆದರೂ ಹೊರಗೆ ಬರುತ್ತಿರಲಿಲ್ಲ. ಹೊರಗೆ ಬರದ ತಪ್ಪನ್ನು ಯಾರು ಸರಿ ಮಾಡುವುದು?

ರೋಗಿಯ ಜೀವದ ಮೇಲೆ ಕಾಳಜಿ ಇರುವವರು ಫೇಲ್ ಆದವಳನ್ನು ದೂರ ಇಡಬೇಕು ಅಂತ ನಿಮ್ಮ ಗ್ರೂಪಿನವರು ಅಂದುಕೊಂಡಿರಬಹುದು. ನನ್ನ ಲೆಕ್ಕ ಅದಕ್ಕೆ ಸರಿ ಎದುರು. ರೋಗಿಯ ಮೇಲೆ ಕಾಳಜಿ ಇದ್ದರೆ ಅವಳನ್ನು ಹತ್ತಿರ ಕೂರಿಸಿ ಆ ಲೆಕ್ಕ ಸರಿ ಮಾಡಿಸಬೇಕು. ನಾಳೆ ಅವಳು ಪಾಸಾಗಿ ನಿಮ್ಮ ಪಕ್ಕದಲ್ಲೇ ನೈಟ್ ಡ್ಯೂಟಿ ಮಾಡುತ್ತಾಳೆ. ರಾತ್ರಿ ಮೂರು ಗಂಟೆಗೆ ಡೋಸ್ ಬಗ್ಗೆ ಸಂಶಯ ಬಂದರೆ ಅವಳು ನಿಮ್ಮನ್ನು ಕೇಳಬೇಕೋ ಬೇಡವೋ? ನಗುತ್ತಾರೆ ಅಂತ ಗೊತ್ತಿದ್ದವರ ಹತ್ತಿರ ಯಾರು ಕೇಳುತ್ತಾರೆ?

ನನ್ನದೂ ಒಂದು ಹೇಳುತ್ತೇನೆ. ನಾನು ಜನರಲ್ ನರ್ಸಿಂಗ್ ಕಲಿಯುವಾಗ ಹಾಸ್ಟೆಲಿನ ನನ್ನ ರೂಮಿನವಳು ಮೊದಲ ವರ್ಷ ಫೇಲ್ ಆದಳು. ನಾನು ಅವಳಿಗೆ ಒಂದು ಕೆಟ್ಟ ಮಾತು ಆಡಲಿಲ್ಲ. ಆದರೆ ಮೆಸ್ಸಿನಲ್ಲಿ ತಟ್ಟೆ ಹಿಡಿದು ಬೇರೆ ಮೇಜಿಗೆ ಹೋದೆ. ಅವಳು ನೋಟ್ಸ್ ಕೇಳಿದಾಗ "ನನಗೇ ಓದಲಿಕ್ಕುಂಟು" ಅಂದೆ. ಸುಳ್ಳಲ್ಲ, ಓದಲಿಕ್ಕೆ ಇತ್ತು. ಆದರೆ ಕೊಡಬಹುದಿತ್ತು. ಅವಳ ಹತ್ತಿರ ಕೂತರೆ ಫೇಲ್ ನನಗೂ ಅಂಟೀತು ಅನ್ನುವ ಹಾಗೆ ನಡೆದುಕೊಂಡೆ. ಎರಡು ತಿಂಗಳಲ್ಲಿ ಅವಳು ಟ್ರಂಕ್ ಕಟ್ಟಿ ಮನೆಗೆ ಹೋದಳು, ತಿರುಗಿ ಬರಲಿಲ್ಲ. ನಾನು ನೋಟ್ಸ್ ಕೊಟ್ಟಿದ್ದರೆ ಉಳಿಯುತ್ತಿದ್ದಳೋ ಗೊತ್ತಿಲ್ಲ. ಕೊಡಲಿಲ್ಲ ಅನ್ನುವುದು ಮಾತ್ರ ನನ್ನಲ್ಲಿ ಉಳಿದಿದೆ.

ತಪ್ಪು ಮಕ್ಕಳದ್ದು ಮಾತ್ರ ಅಲ್ಲ, ನಮ್ಮದು ಇನ್ನೂ ಜಾಸ್ತಿ. ಇಂಟರ್ನಲ್ ಮಾರ್ಕ್ಸನ್ನು ಕಮ್ಮಿ ಬಂದವರಿಂದ ಶುರು ಮಾಡಿ ಎಲ್ಲರೆದುರು ಓದುವ ಟೀಚರುಗಳನ್ನು ನೋಡಿದ್ದೇನೆ. ವಾರ್ಡಿನಲ್ಲಿ ರೋಗಿಯ ಮುಂದೆಯೇ "ಇವಳಿಗೆ ಕೊಡಬೇಡಿ, ಇವಳು ಬ್ಯಾಕ್ ಪೇಪರಿನವಳು" ಅಂದವರಿದ್ದಾರೆ. ಒಬ್ಬರು ಒಬ್ಬ ಹುಡುಗಿಗೆ "ನಿನಗೆ ಬೀಡಿ ಕಟ್ಟುವುದೇ ಸರಿ" ಅಂದರು. ನಾನು ಬಾಗಿಲಲ್ಲಿ ನಿಂತಿದ್ದೆ. ಆ ಹುಡುಗಿಯ ಅಮ್ಮ ಬೀಡಿ ಕಟ್ಟಿಯೇ ಅವಳ ಫೀಸು ತುಂಬಿದ್ದು. ಟೀಚರೇ ಹೀಗೆ ಮಾತಾಡಿದರೆ ಗ್ರೂಪಿನಲ್ಲಿ ಮಕ್ಕಳು ಇನ್ನು ಹೇಗೆ ಬರೆಯುತ್ತಾರೆ? ಇದನ್ನು ಓದುವ ಟೀಚರುಗಳಿದ್ದರೆ ಅವರಲ್ಲಿ ನನ್ನ ಕೇಳಿಕೆ ಒಂದೇ: ಮಾರ್ಕನ್ನು ಅವರವರಿಗೇ ಕರೆದು ಕೊಡಿ.

ಇನ್ನು ನಿಮ್ಮ ಸಂಕಟ. 'ನಾನು ನಿದ್ದೆಗೆಟ್ಟು ಓದಿದೆ, ಅವಳು ಓದಲಿಲ್ಲ.' ನಿಮ್ಮ ಶ್ರಮ ದೊಡ್ಡದು. ಅದನ್ನು ಯಾರೂ ಕಡಿಮೆ ಮಾಡಬಾರದು, ಅವಳ ಮೇಲಿನ ಕನಿಕರದ ಹೆಸರಿನಲ್ಲೂ ಮಾಡಬಾರದು. ಆದರೆ ಅವಳು ಓದಲಿಲ್ಲ ಅಂತ ನಿಮಗೆ ಹೇಗೆ ಗೊತ್ತು? ರೈಲಿನಲ್ಲಿ ಪುಸ್ತಕ ತೆರೆಯದೆ ಕಿಟಕಿ ನೋಡುತ್ತಿದ್ದಳು ಅಂತಲಾ? ಮನೆಗೆ ಹೋದ ಮೇಲೆ ಅವಳು ಏನು ಮಾಡುತ್ತಾಳೆ ಅಂತ ಒಂದು ದಿನವಾದರೂ ಕೇಳಿದ್ದೀರಾ? ನನ್ನ ಒಬ್ಬ ವಿದ್ಯಾರ್ಥಿನಿ ಸಂಜೆ ಏಳಕ್ಕೆ ಮನೆ ಮುಟ್ಟಿ, ಹಾಸಿಗೆ ಹಿಡಿದ ಅಜ್ಜನನ್ನು ಮಗ್ಗುಲು ಬದಲಿಸಿ, ಮೈ ಒರೆಸಿ, ಊಟ ಮಾಡಿಸಿ, ಆಮೇಲೆ ಪುಸ್ತಕ ಹಿಡಿಯುತ್ತಿದ್ದಳು. ಅದು ನನಗೆ ಗೊತ್ತಾದದ್ದು ಅವಳು ಫೇಲ್ ಆದ ಮೇಲೆ. ಮೊದಲೇ ಕೇಳಬೇಕಿತ್ತು.

ಸುಮ್ನೆ ಸೋಮಾರಿತನದಿಂದ ಫೇಲ್ ಆಗುವವರೂ ಇದ್ದಾರೆ. ಇಲ್ಲ ಅನ್ನುವುದಿಲ್ಲ. ಅಂಥವಳಾದರೆ ಗೆಳತಿಯಾಗಿ ಮುಖಕ್ಕೆ ಹೇಳಿ: "ನೀನು ಓದಲಿಲ್ಲ ಮಾರಾಯ್ತಿ, ಈ ಸಲ ಓದು." ಒಬ್ಬಳೇ ಇರುವಾಗ ಮುಖಕ್ಕೆ ಹೇಳಿದ ಬಿರುಸು ಮಾತು ಗಾಯ ಮಾಡುವುದಿಲ್ಲ. ಗ್ರೂಪಿನಲ್ಲಿ ಹಾಕಿದ ನಗೆ ಮಾಡುತ್ತದೆ. ಇನ್ನು ಕೆಲವರಿಗೆ ನರ್ಸಿಂಗ್ ಬೇಡವೇ ಇತ್ತು. ಗಲ್ಫಿನಲ್ಲಿ ಕೆಲಸ ಸಿಗುತ್ತದೆ, ಜರ್ಮನಿಗೆ ಹೋಗಬಹುದು ಅಂತ ಮನೆಯವರು ಸೇರಿಸಿದ್ದು. ಅಂಥವರು ಬಿಟ್ಟು ಹೋದರೆ ಅದು ಸೋಲಲ್ಲ. ಅವರು ಬೇರೆ ದಾರಿ ಹಿಡಿಯುವಾಗ ಬೀಳ್ಕೊಟ್ಟು ಕಳಿಸಿ.

ಈಗ ನಿಮ್ಮ ಗೆಳತಿಯ ವಿಷಯ. ಮೊದಲು ಗ್ರೂಪಿನ ಆ ಇಮೋಜಿ ಅಳಿಸಿ. ಅಳಿಸಿದರೆ ಸಾಲದು, ಅವಳ ಹತ್ತಿರ ಹೇಳಬೇಕು. ಮೆಸೇಜಿನಲ್ಲಿ ಬೇಡ. ಎದುರು ಸಿಕ್ಕಿ, "ನಾನು ಅಲ್ಲಿ ನಕ್ಕಿದ್ದು ತಪ್ಪಾಯಿತು" ಅಂತ. ಅಷ್ಟೇ ಸಾಕು. ಯಾಕೆ ನಕ್ಕೆ, ಎಲ್ಲರೂ ನಕ್ಕರು ಅಂತ ವಿವರಣೆ ಬೇಡ. ಅವಳು ಸುಮ್ಮನಿದ್ದರೆ ಸುಮ್ಮನಿರಲಿ. ಕೋಪ ಮಾಡಿದರೆ ಮಾಡಲಿ, ಅದು ಅವಳ ಹಕ್ಕು.

ಅವಳಿಗೆ "ಪರವಾಗಿಲ್ಲ ಬಿಡು" ಅನ್ನಬೇಡಿ. ಅವಳಿಗೆ ಅದು ದೊಡ್ಡ ವಿಷಯವೇ. ಎಷ್ಟು ಮಾರ್ಕ್ ಬಂತು, ಎಷ್ಟಕ್ಕೆ ಹೋಯಿತು ಅಂತ ಕೇಳಬೇಡಿ. ಹೇಳಬೇಕೆನಿಸಿದರೆ ಅವಳೇ ಹೇಳುತ್ತಾಳೆ. ಪೇಟೆಯಲ್ಲಿ, ದೇವಸ್ಥಾನದ ಜಾತ್ರೆಯಲ್ಲಿ, ಮದುವೆ ಮನೆಯಲ್ಲಿ ಅವಳನ್ನು ಎಲ್ಲರೂ ಕೇಳಿಯೇ ಕೇಳುತ್ತಾರೆ, "ರಿಸಲ್ಟ್ ಎಂತಾಯ್ತು?" ಅಂತ. ನೀವು ಪಕ್ಕದಲ್ಲಿದ್ದರೆ ಮಾತು ಬೇರೆ ಕಡೆ ತಿರುಗಿಸಿ.

ನಿಯಮವನ್ನು ಸರಿಯಾಗಿ ತಿಳಿದುಕೊಳ್ಳಿ, ಯಾಕೆಂದರೆ ಹೆದರಿಕೆಯಲ್ಲಿ ಅವಳು ಅರ್ಧ ತಿಳಿದಿರಬಹುದು. ಈಗಿನ ಸೆಮಿಸ್ಟರ್ ಪದ್ಧತಿಯಲ್ಲಿ ಹಿಂದಿನ ಪೇಪರ್ ಉಳಿದಿದ್ದರೂ ಐದನೇ ಸೆಮಿಸ್ಟರಿನ ತರಗತಿಗೆ, ವಾರ್ಡಿನ ಪೋಸ್ಟಿಂಗಿಗೆ ಹೋಗಬಹುದು. ಆದರೆ ಹಿಂದಿನದ್ದೆಲ್ಲ ಪಾಸಾಗದೆ ಐದನೇ ಸೆಮಿಸ್ಟರಿನ ಪರೀಕ್ಷೆಗೆ ಕೂರುವಂತಿಲ್ಲ. ಅಂದರೆ ಅವಳು ಬ್ಯಾಚಿನಿಂದ ಇನ್ನೂ ಹೊರಗೆ ಬಿದ್ದಿಲ್ಲ. ಅದಕ್ಕೆ ಮೊದಲು ಈ ಒಂದು ಪೇಪರ್ ಪಾಸ್ ಮಾಡಿಕೊಂಡರೆ ನಿಮ್ಮ ಜೊತೆಯೇ ಬರುತ್ತಾಳೆ. ಈ ತಿಂಗಳುಗಳು ಬಹಳ ಬೆಲೆಯವು. ಈಗ ಅವಳು ನಾಚಿಕೆಯಿಂದ ತರಗತಿ ತಪ್ಪಿಸಿದರೆ ಹಾಜರಿ 80 ಪರ್ಸೆಂಟಿಗಿಂತ ಕೆಳಗೆ ಹೋಗುತ್ತದೆ, ಆಗ ಒಂದು ಪೇಪರಿನ ತೊಂದರೆ ಎರಡಾಗುತ್ತದೆ. ಫೇಲ್ ಆದದ್ದರಿಂದ ಅಲ್ಲ, ಫೇಲ್ ಆದ ಮೇಲೆ ಮುಖ ತೋರಿಸಲಾಗದೆ ಕೋರ್ಸ್ ಬಿಟ್ಟವರನ್ನೇ ನಾನು ಜಾಸ್ತಿ ನೋಡಿದ್ದು. ಪರೀಕ್ಷೆಯ ಫಾರ್ಮ್ ತುಂಬುವ ಕೊನೆಯ ದಿನಾಂಕ ಕಾಲೇಜಿನ ಆಫೀಸಿನಲ್ಲಿ ಕೇಳಿ ಅವಳಿಗೆ ತಿಳಿಸಿ. ಅಲ್ಲಿಗೆ ಹೋಗಿ ಕೇಳಲು ಅವಳಿಗೆ ಕಾಲು ಬರುತ್ತಿಲ್ಲದಿರಬಹುದು.

ಬ್ಯಾಂಕಿನ ಸಾಲ ಇದ್ದರೆ ಅದರದ್ದೇ ಒಂದು ಹೆದರಿಕೆ ಇರುತ್ತದೆ. ಕೋರ್ಸ್ ಮುಗಿಯಲು ತಡವಾಗುವುದಾದರೆ ಬ್ಯಾಂಕಿಗೆ ಮೊದಲೇ ಬರೆದು ಕೊಟ್ಟು ಅವಧಿ ಮುಂದೆ ಹಾಕಲು ಕೇಳಬಹುದು. ಮನೆಯವರ ಜೊತೆ ಹೋಗಿ ಮ್ಯಾನೇಜರ್ ಹತ್ತಿರ ಮಾತಾಡಲಿ.

ಓದಿನ ವಿಷಯ. ಫಾರ್ಮಕಾಲಜಿಯನ್ನು ಪುಸ್ತಕದ ಮೊದಲ ಪುಟದಿಂದ ಮತ್ತೆ ಓದಲು ಕೂತರೆ ಮತ್ತೆ ಅದೇ ಗತಿ. ಐದನೇ ಸೆಮಿಸ್ಟರಿನ ಪೋಸ್ಟಿಂಗಿನಲ್ಲಿ ನೀವಿಬ್ಬರೂ ನೋಡುವ ರೋಗಿಯಿಂದ ಶುರು ಮಾಡಿ. ಆ ರೋಗಿಯ ಚಾರ್ಟಿನಲ್ಲಿ ಐದು ಔಷಧ ಇದ್ದರೆ ಐದನ್ನೂ ಡ್ರಗ್ ಬುಕ್ಕಿನಲ್ಲಿ ಬರೆಯಲಿ. ಯಾಕೆ ಕೊಟ್ಟಿದ್ದಾರೆ, ಕೊಡುವ ಮೊದಲು ಏನು ನೋಡಬೇಕು, ಕೊಟ್ಟ ಮೇಲೆ ಏನು ನೋಡಬೇಕು. ಮೊದಲು ಕನ್ನಡದಲ್ಲಿ ನಿಮಗೆ ಹೇಳಲಿ, ಆಮೇಲೆ ಇಂಗ್ಲಿಷಿನಲ್ಲಿ ಎರಡೇ ಸಾಲು ಬರೆಯಲಿ. ಕನ್ನಡದಲ್ಲಿ ಹೇಳಲು ಬಂದದ್ದು ಮರೆಯುವುದಿಲ್ಲ. ಹೇಳಲಿಕ್ಕೇ ಬಾರದಿದ್ದರೆ ಅದು ಅವಳಿಗೆ ಅರ್ಥವಾಗಿಲ್ಲ ಅಂತ ಲೆಕ್ಕ, ಆಗ ಪುಸ್ತಕ ತೆರೆಯಿರಿ. ಡೋಸಿನ ಲೆಕ್ಕ ದಿನಕ್ಕೆ ಮೂರು ಮಾಡಿ, ಇಬ್ಬರೂ ಬೇರೆ ಬೇರೆ ಮಾಡಿ ಉತ್ತರ ಹೋಲಿಸಿ. ವಾರ್ಡಿನಲ್ಲಿ ಇನ್ಸುಲಿನ್, ಹೆಪಾರಿನ್ ಥರದ ಔಷಧಗಳಿಗೆ ಇಬ್ಬರು ನರ್ಸುಗಳು ಬೇರೆ ಬೇರೆ ಲೆಕ್ಕ ಹಾಕಿ ತಾಳೆ ನೋಡುವ ಕ್ರಮ ಇದೆಯಲ್ಲ, ಅದೇ ಇದು. ನಿಮಗೂ ಇದರಿಂದ ಲಾಭವೇ, ಯಾಕೆಂದರೆ ಬೇರೆಯವರಿಗೆ ಹೇಳಿಕೊಡುವಾಗ ನಮ್ಮ ಓದಿನ ತೂತುಗಳು ಕಾಣುತ್ತವೆ. ಮೂರು ವಾರದಲ್ಲಿ ನಿಮ್ಮ ಲೆಕ್ಕವೂ ಒಂದೆರಡು ಸಲ ತಪ್ಪುತ್ತದೆ. ತಪ್ಪಿದಾಗ ಅದನ್ನು ಅವಳೇ ಹಿಡಿಯಲಿ.

ಒಂದು ವಿಷಯ ಮಾತ್ರ ನೀವೊಬ್ಬರೇ ಹೊರಬೇಡಿ. ಅವಳು ಊಟ ಬಿಟ್ಟಿದ್ದರೆ, ನಿದ್ದೆ ಹೋಗಿದ್ದರೆ, "ನಾನಿದ್ದು ಎಂತ ಪ್ರಯೋಜನ" ಅನ್ನುವ ಮಾತು ಬಾಯಿಗೆ ಬಂದರೆ, ತನ್ನ ಪುಸ್ತಕ, ವಾಚು ಅಂತ ಬೇರೆಯವರಿಗೆ ಹಂಚುತ್ತಿದ್ದರೆ, ಅದೇ ದಿನ ಅವಳ ಮನೆಯವರಿಗೂ ಅವಳು ನಂಬುವ ಒಬ್ಬ ಟೀಚರಿಗೂ ಹೇಳಿ. ಗುಟ್ಟು ಇಡುತ್ತೇನೆ ಅಂತ ಮಾತು ಕೊಟ್ಟಿದ್ದರೂ ಹೇಳಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರಿಗೆ ಯಾವ ಹೊತ್ತಿಗೂ ಫೋನ್ ಮಾಡಬಹುದು, ಕನ್ನಡದಲ್ಲೂ ಮಲಯಾಳದಲ್ಲೂ ಮಾತಾಡುತ್ತಾರೆ. ಕೇರಳದ ಆರೋಗ್ಯ ಸಹಾಯವಾಣಿ ದಿಶಾದ ನಂಬರ್ 1056 ಕೂಡ ಇದೆ. ಅವಳು ಮಾಡದಿದ್ದರೆ, ಏನು ಮಾಡಬೇಕು ಅಂತ ಕೇಳಲು ನೀವೇ ಮಾಡಬಹುದು.

ಅವಳನ್ನು ರೈಲಿಗೆ ವಾಪಸ್ ಬಾ ಅಂತ ಒತ್ತಾಯ ಮಾಡಬೇಡಿ. ಆ ಡಬ್ಬಿಯಲ್ಲಿ ನೀವು ನಾಲ್ವರಿದ್ದೀರಿ, ಎಲ್ಲರೂ ಆ ಮೆಸೇಜ್ ನೋಡಿದವರು. ನೇತ್ರಾವತಿ ಸೇತುವೆ ದಾಟುವವರೆಗೆ ಅವಳು ಯಾರ ಮುಖ ನೋಡುವುದು? ಸೋಮವಾರ ನೀವೇ ಬೇಗ ಎದ್ದು ಬಸ್ಸಿಗೆ ಹೋಗಿ. ಅವಳು ಎಲ್ಲಿ ಹತ್ತುತ್ತಾಳೆ ಅಂತ ನಿಮಗೆ ಗೊತ್ತಿರುತ್ತದೆ. ಸೀಟು ಸಿಗದಿದ್ದರೆ ಕಂಬಿ ಹಿಡಿದು ನಿಂತೇ ಹೋಗಿ. ಕ್ಷಮೆ ಕೇಳುವುದು ಕೇಳಿದ ಮೇಲೆ, ಅವಳು ಬೇಡ ಅನ್ನದಿದ್ದರೆ, ತಲಪಾಡಿ ಬರುವಷ್ಟರಲ್ಲಿ ಒಂದು ಲೆಕ್ಕ ಶುರು ಮಾಡಬಹುದು. ಬಾಟಲಿ 100ರದ್ದು, ಕೈಯಲ್ಲಿರುವುದು ಕೆಂಪು ಮುಚ್ಚಳದ ಸಿರಿಂಜ್, ಆರ್ಡರ್ ಹದಿನಾರು ಯೂನಿಟ್. ಎಂತ ಮಾಡ್ತಿ ಅಂತ ಕೇಳಿ. ಗೆರೆ ಲೆಕ್ಕ ಹಾಕಲು ಹೊರಟರೆ ತಡೆಯಿರಿ. ಆ ಸಿರಿಂಜನ್ನು ಕೆಳಗಿಟ್ಟು ಕಿತ್ತಳೆ ಮುಚ್ಚಳದ್ದು ತರಬೇಕು, ಅದು ಉತ್ತರ.